ಚೆಕ್ ಎಂಬ ಕೂಗು



ಇವತ್ತಿನ ಮಾತು ಒಂದು ಇಂಗ್ಲಿಷ್ ಪದದ ಮೇಲೆ. ಇಂಗ್ಲಿಷ್ ಓದದವರೂ ದಿನಕ್ಕೆ ಹತ್ತು ಸಲ ಆಡುವ ಪದ ಅದು: ಚೆಕ್. "ಗ್ಯಾಸ್ ಆಫ್ ಮಾಡಿದ್ದೀನಾ, ಒಂಚೂರು ಚೆಕ್ ಮಾಡು" ಅನ್ನುತ್ತಾರೆ ಮನೆಯಲ್ಲಿ. "ಬಿ.ಪಿ., ಶುಗರ್ ಚೆಕ್ ಮಾಡಿಸಿಕೊಂಡು ಬನ್ನಿ" ಅನ್ನುತ್ತಾರೆ ಡಾಕ್ಟರು. ಬಸ್ಸಿಗೆ ಚೆಕಿಂಗ್‌ನವರು ಹತ್ತುತ್ತಾರೆ. ಗಡಿಯಲ್ಲಿ ಚೆಕ್‌ಪೋಸ್ಟು, ಹಳ್ಳಕ್ಕೆ ಚೆಕ್‌ಡ್ಯಾಮು, ಜವಳಿ ಅಂಗಡಿಯಲ್ಲಿ ಚೆಕ್ಸ್ ಶರ್ಟು. ಬ್ಯಾಂಕಿನಲ್ಲಿ ಚೆಕ್ಕು, ಅದು ಬೌನ್ಸ್ ಆಯಿತೋ, ಕೋರ್ಟಿನಲ್ಲಿ ಕೇಸು. ಸಾಯಂಕಾಲ ಕಟ್ಟೆಯ ಮೇಲೆ ಚದುರಂಗಕ್ಕೆ ಕೂತವನು ಕುದುರೆಯನ್ನು ನಡೆಸಿ "ಚೆಕ್!" ಅನ್ನುತ್ತಾನೆ.

ರಕ್ತದ ಸಕ್ಕರೆಗೂ ಅಂಗಿಯ ಬಟ್ಟೆಗೂ ಹಳ್ಳದ ಕಟ್ಟೆಗೂ ಏನು ನಂಟು? ಮೇಲುನೋಟಕ್ಕೆ ಏನೂ ಇಲ್ಲ. ಆದರೆ ಪದಕೋಶದವರು ಒಂದೊಂದನ್ನೂ ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋದಾಗ ಎಲ್ಲವೂ ಬಂದು ನಿಂತದ್ದು ಒಂದೇ ಜಾಗದಲ್ಲಿ. ಅದು ನಾನು ಕೊನೆಯಲ್ಲಿ ಹೇಳಿದ ಆ ಕಟ್ಟೆಯ ಮೇಲಿನ ಆಟ. ಉಳಿದ ಅರ್ಥಗಳೆಲ್ಲ ಚದುರಂಗದ ಮಣೆಯಿಂದ ಇಳಿದು ಹೋದವು.

ಆಟ ನಮ್ಮದು. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಗೆ ಚತುರಂಗ ಎಂದು ಹೆಸರು, ಅದೇ ಆಟಕ್ಕೂ ಹೆಸರಾಯಿತು. ಸುಮಾರು 6ನೆಯ ಶತಮಾನದ ಹೊತ್ತಿಗೆ ಅದು ಉತ್ತರ ಭಾರತದಿಂದ ಪರ್ಷಿಯಾಕ್ಕೆ ಹೋಯಿತು. ಹಿಂದೂದೇಶದ ಅರಸನೊಬ್ಬ ಖುಸ್ರೋ ದೊರೆಯ ಆಸ್ಥಾನಕ್ಕೆ ಮಣೆ ಮತ್ತು ಕಾಯಿಗಳನ್ನು ಕಳಿಸಿ, "ಆಡುವ ಬಗೆಯನ್ನು ನೀವೇ ಕಂಡುಹಿಡಿಯಿರಿ, ಆಗದಿದ್ದರೆ ಕಪ್ಪ ಕೊಡಿ" ಎಂದು ಸವಾಲು ಹಾಕಿದನಂತೆ. ಬುಜುರ್ಗ್‌ಮೆಹ್ರ್ ಎಂಬ ಮಂತ್ರಿ ಅದನ್ನು ಬಿಡಿಸಿದನಂತೆ. ಪಹ್ಲವಿ ಭಾಷೆಯ ಒಂದು ಚಿಕ್ಕ ಗ್ರಂಥದಲ್ಲೂ ಆಮೇಲೆ ಫಿರ್ದೌಸಿಯ ಶಾಹನಾಮೆಯಲ್ಲೂ ಈ ಕಥೆ ಇದೆ. ಕಥೆ ಕಥೆಯೇ. ಆದರೆ ಆಟ ಯಾವ ದಿಕ್ಕಿನಿಂದ ಬಂತು ಎಂಬುದರಲ್ಲಿ ಪರ್ಷಿಯನ್ನರಿಗೆ ಅನುಮಾನವಿರಲಿಲ್ಲ. ಚತುರಂಗ ಅವರ ಬಾಯಲ್ಲಿ ಚತ್ರಂಗ್ ಆಯಿತು. ಅರಬ್ಬರ ಭಾಷೆಯಲ್ಲಿ ಚಕಾರವೂ ಇಲ್ಲ, ನಮ್ಮ ಗಕಾರವೂ ಇಲ್ಲ, ಅವರಲ್ಲಿ ಅದು ಶತ್ರಂಜ್ ಆಯಿತು.

ಮಣೆಯ ಮೇಲಿನ ರಾಜನಿಗೆ ಪರ್ಷಿಯನ್ನರು ಇಟ್ಟ ಹೆಸರು ಶಾಹ್. ಎದುರಾಳಿಯ ಕಾಯಿ ರಾಜನಿಗೆ ಗುರಿಯಿಟ್ಟಾಗ ಬಾಯಿಬಿಟ್ಟು ಹೇಳಬೇಕು, ಹೇಳದೆ ಅರಸನನ್ನು ಹಿಡಿಯುವಂತಿಲ್ಲ. ಅದು ಆಟದ ಮರ್ಯಾದೆ. ಹೇಳುತ್ತಿದ್ದದ್ದು ಒಂದೇ ಮಾತು: "ಶಾಹ್!" ನಿನ್ನ ರಾಜ, ನೋಡಿಕೋ ಎಂದು ಅರ್ಥ. ಈ ಕೂಗು ಅರಬ್ಬರ ಜತೆ ಸ್ಪೇನಿಗೂ ಇಟಲಿಗೂ ಹೋಯಿತು. ಲ್ಯಾಟಿನ್ ಬರೆಯುವ ಪಾದ್ರಿಗಳು ಅದನ್ನು ಸ್ಕಾಕುಸ್ ಎಂದು ಬರೆದರು. ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಮಠದಲ್ಲಿ ಸುಮಾರು ಕ್ರಿ.ಶ. 1000ದ ಹೊತ್ತಿನ ಒಂದು ಲ್ಯಾಟಿನ್ ಪದ್ಯ ಸಿಕ್ಕಿದೆ. ಯುರೋಪಿನಲ್ಲಿ ಚದುರಂಗದ ಬಗ್ಗೆ ಸಿಕ್ಕಿರುವ ಅತ್ಯಂತ ಹಳೆಯ ಬರಹಗಳಲ್ಲಿ ಅದೊಂದು. ಹಳೆಯ ಫ್ರೆಂಚಿನಲ್ಲಿ ಸ್ಕಾಕುಸ್ ಎಶೆಕ್ ಆಯಿತು. ಅದು ಇಂಗ್ಲೆಂಡಿಗೆ ದಾಟಿ ತಲೆಯ ಅಕ್ಷರ ಕಳಚಿಕೊಂಡು ಚೆಕ್ ಆಯಿತು. ಅದೇ ಫ್ರೆಂಚ್ ಪದದ ಬಹುವಚನ ಎಶೆಕ್ಸ್ ಸವೆದು ಚೆಸ್ ಆಯಿತು. ಚೆಕ್ ಎಂದರೆ ರಾಜ, ಚೆಸ್ ಎಂದರೆ ರಾಜರು, ಅಷ್ಟೇ.

ಯುರೋಪಿನ ಬಹುಪಾಲು ಭಾಷೆಗಳಲ್ಲಿ ಆಟಕ್ಕೆ ರಾಜನದೇ ಹೆಸರು. ಜರ್ಮನ್ನರ ಶಾಖ್, ಇಟಲಿಯವರ ಸ್ಕಾಕ್ಕಿ, ರಷ್ಯದವರ ಶಾಖ್ಮತಿ ಎಲ್ಲ ಶಾಹನ ಸಂತಾನ. ನಮ್ಮ ಹೆಸರನ್ನು ಉಳಿಸಿಕೊಂಡವರು ಸ್ಪೇನಿನವರು ಮತ್ತು ಪೋರ್ಚುಗೀಸರು. ಸ್ಪೇನಿನ ಅಹೆದ್ರೆಸ್, ಪೋರ್ಚುಗೀಸಿನ ಶದ್ರೆಸ್ ಎರಡೂ ಶತ್ರಂಜಿನಿಂದ, ಅಂದರೆ ಚತುರಂಗದಿಂದ ಹುಟ್ಟಿದವು. ಪೋರ್ಚುಗೀಸಿನಲ್ಲಿ ಚೆಕ್ಸ್ ಬಟ್ಟೆಗೂ ಶದ್ರೆಸ್ ಎಂದೇ ಹೆಸರು.

ಶಾಹ್ ಕೂಡ ನಮಗೆ ತೀರ ಪರಕೀಯನಲ್ಲ. ಆ ಪದದ ಹಳೆಯ ಪರ್ಷಿಯನ್ ರೂಪ ಕ್ಷಾಯಥಿಯ. ಪರ್ಷಿಯಾದ ಬೇಹಿಸ್ತೂನ್ ಬಂಡೆಯ ಮೇಲೆ ಅಲ್ಲಿನ ದಾರಯವಷ ದೊರೆ ತನ್ನನ್ನು ಕರೆದುಕೊಂಡಿರುವುದು ಹಾಗೆ. ಆಳು ಎಂಬ ಅರ್ಥದ ಅದರ ಧಾತುವೂ ಸಂಸ್ಕೃತದ ಕ್ಷತ್ರ, ಕ್ಷತ್ರಿಯ ಶಬ್ದಗಳ ಧಾತುವೂ ಒಂದೇ. ಹಾಗಾಗಿ ಬ್ಯಾಂಕಿನ ಚೆಕ್ಕು ಕ್ಷತ್ರಿಯನಿಗೆ ದೂರದ ದಾಯಾದಿ.

ಚೆಕ್ ಜತೆ ಬರುವ ಮೇಟ್ ಬಗ್ಗೆಯೂ ಎರಡು ಮಾತು ಹೇಳಬೇಕು. ಚೆಕ್‌ಮೇಟ್ ಎಂದರೆ "ರಾಜ ಸತ್ತ" ಎಂದು ಅನೇಕ ಪುಸ್ತಕಗಳಲ್ಲಿದೆ. ಅರಬ್ಬಿಯಲ್ಲಿ ಮಾತ ಎಂದರೆ ಸತ್ತ ಎಂಬುದು ನಿಜ. ಆದರೆ ಪರ್ಷಿಯನ್ನಿನ ಮಾತ್ ಎಂಬುದಕ್ಕೆ ದಿಕ್ಕುಗೆಟ್ಟವ, ಕೈಸಾಗದೆ ನಿಂತವ ಎಂದು ಅರ್ಥ, ಹೆಚ್ಚಿನ ವಿದ್ವಾಂಸರು ಒಪ್ಪುವುದು ಇದನ್ನು. ನನಗೂ ಇದೇ ಸರಿ ಅನ್ನಿಸುತ್ತದೆ. ಚದುರಂಗದಲ್ಲಿ ರಾಜನನ್ನು ಯಾರೂ ಕೊಲ್ಲುವುದಿಲ್ಲ, ಮಣೆಯಿಂದ ಎತ್ತುವುದೂ ಇಲ್ಲ. ಎತ್ತ ಹೋಗಲೂ ದಾರಿಯಿಲ್ಲದೆ ನಿಂತಲ್ಲೇ ನಿಲ್ಲುತ್ತಾನೆ, ಆಟ ಮುಗಿಯುತ್ತದೆ. ಇನ್ನು ಆಸ್ಟ್ರೇಲಿಯದವರು ಸ್ನೇಹಿತನನ್ನು ಕರೆಯುವ ಮೇಟ್ ಬೇರೆಯೇ ಪದ. ಅದು ಜರ್ಮನ್ ಮೂಲದ್ದು, ಜತೆಯಲ್ಲಿ ಕೂತು ಉಣ್ಣುವವನು ಎಂದು ಅದರ ಮೊದಲ ಅರ್ಥ.

ಈಗ ಚೆಕ್ ಮಣೆಯಿಂದ ಹೊರಗೆ ಬಿದ್ದ ಬಗೆ ನೋಡೋಣ. ಚೆಕ್ ಅಂದಕೂಡಲೇ ಎದುರಾಳಿ ತಾನು ಹೂಡಿದ್ದ ಆಟವನ್ನೆಲ್ಲ ಬಿಟ್ಟು ರಾಜನನ್ನು ಉಳಿಸಿಕೊಳ್ಳಬೇಕು. ನಡೆಯುತ್ತಿದ್ದದ್ದು ತಟ್ಟನೆ ನಿಲ್ಲುತ್ತದೆ. ಅಲ್ಲಿಂದ ಚೆಕ್ ಎಂದರೆ ತಡೆ ಎಂಬ ಅರ್ಥ ಬಂತು. ಕುದುರೆಯ ಓಟಕ್ಕೆ, ಶತ್ರುವಿನ ಮುನ್ನಡೆಗೆ, ಸಿಟ್ಟಿಗೆ, ಖರ್ಚಿಗೆ ಎಲ್ಲಕ್ಕೂ ಚೆಕ್ ಹಾಕಬಹುದು. ಬೇಟೆನಾಯಿಗಳು ವಾಸನೆ ತಪ್ಪಿ ನಿಂತುಬಿಟ್ಟರೆ ಇಂಗ್ಲಿಷ್ ಬೇಟೆಗಾರರು ಅದನ್ನೂ ಚೆಕ್ ಅನ್ನುತ್ತಿದ್ದರು. ಅಮೆರಿಕದ ಸಂವಿಧಾನದ ಚರ್ಚೆಯಲ್ಲಿ ಒಂದು ಅಧಿಕಾರ ಇನ್ನೊಂದಕ್ಕೆ ಚೆಕ್ ಆಗಿರಬೇಕು ಎಂದರಲ್ಲ, ಅದೂ ಇದೇ ತಡೆ. ನಮ್ಮ ಹಳ್ಳಕ್ಕೆ ಅಡ್ಡಲಾಗಿ ಕಟ್ಟುವ ಚೆಕ್‌ಡ್ಯಾಮ್ ನೀರನ್ನು ಪರೀಕ್ಷೆ ಮಾಡುವುದಿಲ್ಲ, ಓಡುವ ನೀರನ್ನು ತಡೆದು ನಿಲ್ಲಿಸಿ ಇಂಗಿಸುತ್ತದೆ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ರೈತರು ಮಳೆಗಾಲ ಮುಗಿದ ಮೇಲೆ ಕಲ್ಲು ಮಣ್ಣು ಹಾಕಿ ಹೊಳೆಗೆ ಕಟ್ಟುವ "ಕಟ್ಟ" ಇದೆಯಲ್ಲ, ಅದು ಯಾವ ಇಂಜಿನಿಯರೂ ಹೇಳಿಕೊಡದ ಚೆಕ್‌ಡ್ಯಾಮ್. ಕಟ್ಟ ಎಂಬ ಹೆಸರೇ ಚೆನ್ನಾಗಿತ್ತು, ಸರ್ಕಾರಿ ಕಾಗದದಲ್ಲಿ ಚೆಕ್‌ಡ್ಯಾಮ್ ಬಂದು ಕೂತಿತು.

ತಡೆಯುವ ಚೆಕ್ ತಾಳೆ ನೋಡುವ ಚೆಕ್ ಆದದ್ದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಒಂದು ಮೇಜಿನ ಹತ್ತಿರ ಹೋಗಬೇಕು. ನನ್ನ ಮಟ್ಟಿಗೆ ಈ ಪದದ ಕಥೆಯಲ್ಲಿ ಎಲ್ಲಕ್ಕಿಂತ ಸೊಗಸಾದ ಭಾಗ ಈ ಮೇಜು.

12ನೆಯ ಶತಮಾನದ ಇಂಗ್ಲೆಂಡ್. ಎರಡನೆಯ ಹೆನ್ರಿ ಆಳುತ್ತಿದ್ದಾನೆ. ಅವನ ಖಜಾನೆಯ ಅಧಿಕಾರಿ ರಿಚರ್ಡ್ ಫಿಟ್ಸ್‌ನೀಲ್, ಮುಂದೆ ಲಂಡನ್ನಿನ ಬಿಷಪ್ ಆದವನು, ಖಜಾನೆಯ ಕೆಲಸ ಹೇಗೆ ನಡೆಯುತ್ತದೆ ಎಂದು ಲ್ಯಾಟಿನ್ನಿನಲ್ಲಿ ಒಂದು ಪುಸ್ತಕ ಬರೆದ. ನಮ್ಮ ಶಾಸ್ತ್ರಗ್ರಂಥಗಳ ಹಾಗೆ ಅದು ಗುರುಶಿಷ್ಯ ಸಂವಾದ. ಹೆನ್ರಿಯ ಆಳ್ವಿಕೆಯ 23ನೆಯ ವರ್ಷ, ಥೇಮ್ಸ್ ನದಿಯ ಪಕ್ಕದ ಗೋಪುರದ ಕಿಟಕಿಯಲ್ಲಿ ಕೂತಿದ್ದಾಗ ಒಬ್ಬ ಬಂದು ಕೇಳಿದ ಎಂದು ಪುಸ್ತಕ ಶುರುವಾಗುತ್ತದೆ. ಶಿಷ್ಯನ ಮೊದಲ ಪ್ರಶ್ನೆ: ಸ್ಕಾಕಾರಿಯಂ ಎಂದರೇನು? ಚದುರಂಗದ ಮಣೆಗೆ ಲ್ಯಾಟಿನ್ನಿನಲ್ಲಿ ಇದ್ದ ಹೆಸರೇ ಇದು, ಖಜಾನೆಯ ಲೆಕ್ಕದ ಕಚೇರಿಗೂ ಅದೇ ಹೆಸರು. ಇಂಗ್ಲಿಷಿನಲ್ಲಿ ಅದು ಎಕ್ಸ್‌ಚೆಕರ್ ಆಯಿತು.

ಗುರು ಹೇಳುತ್ತಾನೆ: ಅದೊಂದು ಮೇಜು. ಸುಮಾರು 10 ಅಡಿ ಉದ್ದ, 5 ಅಡಿ ಅಗಲ. ಮೇಲಿಟ್ಟದ್ದು ಉರುಳಿ ಬೀಳದ ಹಾಗೆ ಸುತ್ತ ನಾಲ್ಕು ಬೆರಳಿನ ಎತ್ತರದ ಅಂಚು. ಮೇಲೆ ಹಾಸಲು ಕಪ್ಪು ಬಟ್ಟೆ, ಅದರ ಮೇಲೆ ಒಂದಡಿಗೋ ಒಂದು ಗೇಣಿಗೋ ಒಂದೊಂದು ಗೆರೆ. ಗೆರೆಗಳ ನಡುವಿನ ಪಟ್ಟಿಗಳಲ್ಲಿ ಬಿಲ್ಲೆಗಳನ್ನು ಇಟ್ಟು ಲೆಕ್ಕ. ಬಲಗಡೆಯ ಕೊನೆಗೆ ಪೆನ್ನಿ, ಅದರ ಪಕ್ಕ ಷಿಲಿಂಗು, ಆಮೇಲೆ ಪೌಂಡು, ಇಪ್ಪತ್ತು ಪೌಂಡು, ನೂರು, ಸಾವಿರ, ಹೀಗೆ. ಪ್ರಾಂತ್ಯದ ಕಂದಾಯ ಎತ್ತುವ ಷೆರೀಫ್, ನಮ್ಮ ಹಳೆಯ ಅಮಲ್ದಾರನಂಥವನು, ವರ್ಷಕ್ಕೆ ಎರಡು ಸಲ ಈ ಮೇಜಿನ ಮುಂದೆ ಬಂದು ಕೂರಬೇಕು. ಅವನು ಕೊಡಬೇಕಾದ ಮೊತ್ತವನ್ನು ಬಿಲ್ಲೆಗಳಲ್ಲಿ ಮೇಲಿನ ಸಾಲಿಗೆ ಇಡುತ್ತಾರೆ, ಕಟ್ಟಿದ ಮೊತ್ತವನ್ನು ಅದರ ಕೆಳಗೆ ಇಡುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದರೆ ಬಾಕಿ ಎಷ್ಟೆಂದು ಓದುಬರಹ ಬಾರದ ಜಮೀನುದಾರನ ಕಣ್ಣಿಗೂ ಕಾಣುತ್ತದೆ. ರೋಮನ್ ಅಂಕಿಗಳಲ್ಲಿ ಕೂಡುವುದು ಕಳೆಯುವುದು ಎಷ್ಟು ತಾಪತ್ರಯವೋ ಮಾಡಿ ನೋಡಿದವರಿಗೇ ಗೊತ್ತು. ಈ ಬಟ್ಟೆ ಆ ತೊಂದರೆಯನ್ನು ಕಳೆಯಿತು.

ಮೇಜಿಗೆ ಚದುರಂಗದ ಹೆಸರು ಯಾಕೆ ಬಂತು ಎಂಬುದಕ್ಕೆ ಫಿಟ್ಸ್‌ನೀಲ್ ಎರಡು ಕಾರಣ ಕೊಡುತ್ತಾನೆ. ಒಂದು, ಗೆರೆಯೆಳೆದ ಬಟ್ಟೆ ಮಣೆಯ ಹಾಗೆ ಕಾಣುತ್ತದೆ. ಇನ್ನೊಂದು, ಮಣೆಯ ಮೇಲೆ ಇಬ್ಬರು ರಾಜರು ಕಾದಾಡುವಂತೆ ಇಲ್ಲಿ ಖಜಾನೆಯ ಅಧಿಕಾರಿಗೂ ಷೆರೀಫನಿಗೂ ಕಾದಾಟ, ಉಳಿದವರು ತೀರ್ಪುಗಾರರಂತೆ ನೋಡುತ್ತ ಕೂತಿರುತ್ತಾರೆ. ಆಡಿಟ್ ಎದುರಿಸಿದ ಯಾವ ಗುಮಾಸ್ತನಿಗೂ ಈ ಎರಡನೆಯ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟನ್ನಿನ ಹಣಕಾಸು ಮಂತ್ರಿಗೆ ಇವತ್ತಿಗೂ ಎಕ್ಸ್‌ಚೆಕರಿನ ಚಾನ್ಸಲರ್ ಎಂದೇ ಹುದ್ದೆಯ ಹೆಸರು. ಆ ಬಟ್ಟೆ ಹೋಗಿ ಶತಮಾನಗಳಾದವು, ಹೆಸರು ಹೋಗಲಿಲ್ಲ.

ಮೇಜಿನ ಜತೆಗೆ ಕಡ್ಡಿಗಳೂ ಇದ್ದವು. ಷೆರೀಫ್ ಹಣ ಕಟ್ಟಿದಾಗ ರಸೀದಿಯಾಗಿ ಕೊಡುತ್ತಿದ್ದದ್ದು ಒಂದು ಕಟ್ಟಿಗೆ ತುಂಡು, ಹೆಚ್ಚಾಗಿ ಹೇಜಲ್ ಮರದ್ದು. ಮೊತ್ತವನ್ನು ಅದರ ಮೇಲೆ ಕಚ್ಚು ಹಾಕಿ ಗುರುತಿಸುತ್ತಿದ್ದರು. ಸಾವಿರ ಪೌಂಡಿಗೆ ಅಂಗೈಯಷ್ಟು ದಪ್ಪದ ಕಚ್ಚು. ನೂರಕ್ಕೆ ಹೆಬ್ಬೆರಳಿನ ಅಗಲ, ಇಪ್ಪತ್ತಕ್ಕೆ ಕಿರುಬೆರಳಿನ ಅಗಲ. ಒಂದು ಪೌಂಡಿಗೆ ಉಬ್ಬಿದ ಜವೆಗೋಧಿಯ ಕಾಳಿನಷ್ಟು. ಷಿಲಿಂಗಿಗೆ ಅದಕ್ಕಿಂತ ಸಣ್ಣದು. ಪೆನ್ನಿಗೆ ಬರೀ ಒಂದು ಗೀರು, ಮರ ಕೆತ್ತಿ ತೆಗೆಯುವಂತಿಲ್ಲ. ಆಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ ದೊಡ್ಡ ಹೋಳನ್ನು ಹಣ ಕೊಟ್ಟವನಿಗೆ ಕೊಟ್ಟು, ಚಿಕ್ಕ ಹೋಳನ್ನು ಕಚೇರಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮುಂದೆ ತಕರಾರು ಬಂದರೆ ಎರಡು ಹೋಳನ್ನೂ ಜೋಡಿಸಿ ನೋಡುವುದು. ಕಚ್ಚಿಗೆ ಕಚ್ಚು, ನಾರಿಗೆ ನಾರು ಕೂಡಬೇಕು. ಒಂದರಲ್ಲಿ ಕಳ್ಳಕಚ್ಚು ಹಾಕಿದರೆ ಇನ್ನೊಂದು ಹೋಳು ಸಾಕ್ಷಿ ಹೇಳುತ್ತದೆ.

ಇಲ್ಲಿ ನಮ್ಮ ಪದದ ಎರಡು ಎಳೆ ಸೇರುವುದನ್ನು ನೋಡಿ. ಲೆಕ್ಕದ ಮೇಜು ಚದುರಂಗದ ಹೆಸರಿನದು. ಆ ಲೆಕ್ಕದಲ್ಲಿ ಮೋಸಕ್ಕೆ ಹಾಕಿದ ತಡೆ ಯಾವುದೆಂದರೆ ಒಂದರ ಪಕ್ಕ ಇನ್ನೊಂದನ್ನಿಟ್ಟು ತಾಳೆ ನೋಡುವುದು. ತಡೆ ಎಂಬ ಅರ್ಥ ತಾಳೆಯ ಕಡೆಗೆ ಜರುಗಿ, 17ನೆಯ ಶತಮಾನದ ಹೊತ್ತಿಗೆ ಚೆಕ್ ಎಂದರೆ ಪರಿಶೀಲಿಸು ಎಂದಾಗಿತ್ತು. ಇದು ಒಂದೇ ಪದಕ್ಕೆ ಆದದ್ದೂ ಅಲ್ಲ. ಕಂಟ್ರೋಲ್ ಪದದ ಹುಟ್ಟೂ ಹೀಗೆಯೇ. ಲೆಕ್ಕದ ಸುರುಳಿಯ ಎದುರು ಇಟ್ಟುಕೊಂಡ ಇನ್ನೊಂದು ಪ್ರತಿಸುರುಳಿ ಎಂಬುದು ಅದರ ಮೊದಲ ಅರ್ಥ.

ಆ ಕಡ್ಡಿಗಳ ಗತಿ ಏನಾಯಿತು ಎಂದು ಹೇಳದೆ ಮುಂದೆ ಹೋದರೆ ನೀವು ಬೈದುಕೊಳ್ಳುತ್ತೀರಿ. 1826ರ ತನಕ ಬ್ರಿಟಿಷ್ ಖಜಾನೆ ಈ ಕಡ್ಡಿಗಳನ್ನು ಬಿಡಲಿಲ್ಲ. ಆಮೇಲೆ ವೆಸ್ಟ್‌ಮಿನ್‌ಸ್ಟರಿನಲ್ಲಿ ರಾಶಿ ಬಿದ್ದಿದ್ದವು. 1834ರ ಅಕ್ಟೋಬರ್ 16ರಂದು ಅವನ್ನು ಹೌಸ್ ಆಫ್ ಲಾರ್ಡ್ಸಿನ ಕೆಳಗಿನ ಒಲೆಗಳಿಗೆ ತುಂಬಿ ಸುಟ್ಟರು. ಚಿಮಣಿ ಕಾದು ಬೆಂಕಿ ಹತ್ತಿ, ಪಾರ್ಲಿಮೆಂಟಿನ ಎರಡೂ ಸದನಗಳು ಸುಟ್ಟುಹೋದವು. ಬಡವರಿಗೆ ಸೌದೆಯಾಗಿ ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ಚಾರ್ಲ್ಸ್ ಡಿಕನ್ಸ್ ಆಮೇಲೆ ಒಂದು ಭಾಷಣದಲ್ಲಿ ಗೇಲಿ ಮಾಡಿದ. ಇವತ್ತು ನಾವು ಚಿತ್ರಗಳಲ್ಲಿ ನೋಡುವ ಗಡಿಯಾರ ಗೋಪುರದ ಪಾರ್ಲಿಮೆಂಟು ಆ ಬೆಂಕಿಯ ನಂತರ ಕಟ್ಟಿದ್ದು.

ಇನ್ನು ಬ್ಯಾಂಕಿನ ಚೆಕ್ಕಿಗೆ ಬರೋಣ. "ಇಂಥವರಿಗೆ ಇಷ್ಟು ಹಣ ಕೊಡಿ" ಎಂದು ಸಾಹುಕಾರನಿಗೆ ಚೀಟಿ ಬರೆಯುವ ರೂಢಿ ಹಳೆಯದು. ಲಂಡನ್ನಿನ ಕ್ಲೇಟನ್ ಮತ್ತು ಮಾರಿಸ್ ಎಂಬ ಸಾಹುಕಾರರ ಮೇಲೆ 1659ರಲ್ಲಿ ಬರೆದ 400 ಪೌಂಡಿನ ಅಂಥ ಚೀಟಿಯೊಂದು ಉಳಿದುಬಂದಿದೆ. ಆದರೆ ಆಗ ಅದನ್ನು ಯಾರೂ ಚೆಕ್ ಎನ್ನುತ್ತಿರಲಿಲ್ಲ. 18ನೆಯ ಶತಮಾನದ ಆರಂಭದಲ್ಲಿ ಚೆಕ್ ಎಂದರೆ ಹಣದ ಪತ್ರವನ್ನು ಹರಿದುಕೊಟ್ಟ ಮೇಲೆ ಕಚೇರಿಯಲ್ಲಿ ಉಳಿಯುವ ತುಂಡು, ನಾವು ಕೌಂಟರ್‌ಫಾಯಿಲ್ ಅನ್ನುತ್ತೇವಲ್ಲ, ಅದು. ಆ ತುಂಡಿನ ಜತೆ ತಾಳೆ ನೋಡಿ ಪತ್ರ ಅಸಲಿಯೋ ನಕಲಿಯೋ ಹೇಳುತ್ತಿದ್ದರು. ಹೆಸರು ಮೆಲ್ಲಗೆ ಉಳಿದ ತುಂಡಿನಿಂದ ಹರಿದುಕೊಟ್ಟ ಹಾಳೆಗೆ ದಾಟಿತು. ಎಕ್ಸ್‌ಚೆಕರಿನ ನೆನಪಿನಲ್ಲಿ ಇಂಗ್ಲೆಂಡಿನವರು ಕಾಗುಣಿತವನ್ನು ಉದ್ದ ಮಾಡಿ ಕ್ಯು, ಯು, ಇ ಹಚ್ಚಿದರು. ಅಮೆರಿಕದವರು ಮೊದಲಿದ್ದಂತೆ ಸಿ, ಕೆ ಎಂದೇ ಬರೆಯುತ್ತಾರೆ. ಅಮೆರಿಕದ ಸ್ಪೆಲ್ಲಿಂಗ್ ಎಂದರೆ ಮೂಗು ಮುರಿಯುವ ಮೇಷ್ಟರುಗಳು ಗಮನಿಸಬೇಕು: ಈ ಪದದಲ್ಲಿ ಹಳೆಯ ರೂಢಿ ಉಳಿಸಿಕೊಂಡವರು ಅವರೇ. ಕನ್ನಡದಲ್ಲಿ ನಮಗೆ ಆ ರಗಳೆಯೇ ಇಲ್ಲ, ಎರಡಕ್ಕೂ ಚೆಕ್.

ಇಷ್ಟು ಹೇಳಿದ ಮೇಲೆ ಕೆಲವು ಕೇಳುಗರು ತಲೆ ಅಲ್ಲಾಡಿಸುತ್ತಿರಬಹುದು. "ಚೆಕ್ ಬಂದದ್ದು ಅರಬ್ಬಿಯ ಸಕ್ ಎಂಬ ಪದದಿಂದ ಅಂತ ಓದಿದ್ದೆವಲ್ಲ?" ಹೌದು, ಬಹಳ ಕಡೆ ಹಾಗೆ ಬರೆಯುತ್ತಾರೆ. ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಸಕ್ ಎಂದರೆ ಹಣದ ವ್ಯವಹಾರದ ಬರಹ, ಕರಾರುಪತ್ರ. ಪರ್ಷಿಯನ್ನಿನಲ್ಲಿ ಅದಕ್ಕೆ ಚಕ್ ಎಂಬ ರೂಪವೂ ಇತ್ತು. 10ನೆಯ ಶತಮಾನದ ಇಬ್ನ್ ಹೌಕಲ್ ಎಂಬ ಅರಬ್ ಪ್ರವಾಸಿ ಸಹಾರಾ ಮರಳುಗಾಡಿನ ಔದಗುಸ್ತ್ ಪಟ್ಟಣದ ವರ್ತಕನೊಬ್ಬ ಸಿಜಿಲ್ಮಾಸಾ ಪಟ್ಟಣದವನೊಬ್ಬನಿಗೆ ಕೊಡಬೇಕಾದ 42,000 ದಿನಾರಿನ ಸಕ್ ಅನ್ನು ತನ್ನ ಕಣ್ಣಾರೆ ನೋಡಿದ್ದಾಗಿ ಬರೆದಿದ್ದಾನೆ. ಲಂಡನ್ನಿನವರು ಚೀಟಿ ಬರೆಯಲು ಕಲಿಯುವುದಕ್ಕೆ ಆರೇಳು ನೂರು ವರ್ಷ ಮೊದಲಿನ ಮಾತು. ಅರಬ್ ವ್ಯಾಪಾರಿಗಳ ಲೆಕ್ಕದ ಜಾಣತನಕ್ಕೆ ಯುರೋಪು ಬಹಳ ಋಣಿ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಪದ ಬೇರೆ, ಪದ್ಧತಿ ಬೇರೆ. ಪದದ ಪ್ರಯಾಣಕ್ಕೆ ದಾರಿಯುದ್ದಕ್ಕೂ ಹೆಜ್ಜೆಗುರುತು ಸಿಗಬೇಕು. ಶಾಹ್ ಎಂಬ ಕೂಗು ಪರ್ಷಿಯನ್, ಅರಬ್ಬಿ, ಲ್ಯಾಟಿನ್, ಫ್ರೆಂಚ್ ಒಂದೊಂದರಲ್ಲೂ ತಂಗಿ ಬಂದದ್ದಕ್ಕೆ ಬರಹದ ಪುರಾವೆಯಿದೆ. ಸಕ್ ಎಂಬುದು ಇಂಗ್ಲಿಷಿಗೆ ಬಂದಿದ್ದರೆ ನಡುವೆ ಎಲ್ಲಾದರೂ ತಂಗಬೇಕಿತ್ತು. ಅರಬ್ಬರ ಜತೆ ಮೊದಲು ವ್ಯಾಪಾರಕ್ಕಿಳಿದ ಇಟಲಿಯ ಬ್ಯಾಂಕಿನವರು ಚೆಕ್ಕಿಗೆ ಅಸ್ಸೆನ್ಯೊ ಅನ್ನುತ್ತಾರೆ, ಅದಕ್ಕೂ ಸಕ್‌ಗೂ ಸಂಬಂಧವಿಲ್ಲ. ಫ್ರೆಂಚರಲ್ಲಿ ಈಗಿರುವ ಶೆಕ್ 19ನೆಯ ಶತಮಾನದಲ್ಲಿ ಇಂಗ್ಲಿಷಿನಿಂದಲೇ ಹೋದದ್ದು. ಮೇಲಾಗಿ ಇಂಗ್ಲಿಷಿನಲ್ಲಿ ಈ ಪದಕ್ಕೆ ಮೊದಲು ಇದ್ದ ಅರ್ಥ ಕೌಂಟರ್‌ಫಾಯಿಲ್, ಹಣದ ಆದೇಶವಲ್ಲ. ಹಾಗಾಗಿ ನನ್ನ ಓಟು ಚದುರಂಗಕ್ಕೆ. ಸದ್ದು ಕೂಡಿದ ಮಾತ್ರಕ್ಕೆ ಗೋತ್ರ ಕೂಡುವುದಿಲ್ಲ.

ಇದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. ಜಮೀನಿನ ಕ್ರಯಪತ್ರ ತೆಗೆದು ನೋಡಿ. ಕೊನೆಯ ಷೆಡ್ಯೂಲಿನಲ್ಲಿ ಸರ್ವೆ ನಂಬರು, ವಿಸ್ತೀರ್ಣ ಆದಮೇಲೆ "ಚಕ್ಕುಬಂದಿ" ಎಂದಿರುತ್ತದೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಗಾಡಿದಾರಿ, ದಕ್ಷಿಣಕ್ಕೆ ಉಳಿಕೆ ಜಮೀನು. ಕೆಲವು ಪತ್ರ ಬರಹಗಾರರು ಇದನ್ನು "ಚೆಕ್ಕುಬಂದಿ" ಎಂದು ಬರೆಯುತ್ತಾರೆ. ಗಡಿ ಚೆಕ್ ಮಾಡುವುದಕ್ಕಾಗಿ ಬಂದ ಪದ ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪಿಲ್ಲ, ಅರ್ಥ ಅಷ್ಟು ಚೆನ್ನಾಗಿ ಹೊಂದುತ್ತದೆ. ಆದರೆ ಇಂಗ್ಲಿಷಿಗೂ ಅದಕ್ಕೂ ಸಂಬಂಧವೇ ಇಲ್ಲ. ಚಕ್ ಎಂದರೆ ಭೂಮಿಯ ತುಂಡು, ಬಂದಿ ಎಂದರೆ ಕಟ್ಟು, ಎಲ್ಲೆ. ಹಿಂದೂಸ್ತಾನಿ ಕಂದಾಯದ ಭಾಷೆಯಿಂದ ನಮ್ಮ ಶಾನುಭೋಗರ ಕೈಗೆ ಬಂದ ಪದ ಅದು. ಚೆಕ್ ಗಣರಾಜ್ಯದ ಚೆಕ್ ಕೂಡ ಹಾಗೆಯೇ, ಅದು ಒಂದು ಜನಾಂಗದ ಹೆಸರು, ನಮ್ಮ ಲಿಪಿಯಲ್ಲಿ ಬರೆದಾಗ ಮಾತ್ರ ಬ್ಯಾಂಕಿನ ಚೆಕ್ಕಿನಂತೆ ಕಾಣುತ್ತದೆ.

ಬಟ್ಟೆಯ ಚೆಕ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮಣೆಯ ಮೇಲಿನ ಚೌಕಗಳಿಂದ ಬಂದದ್ದು. ಆದರೆ ಹೆಸರು ಇಂಗ್ಲಿಷಿನದು ಎಂದು ನೇಯ್ಗೆಯೂ ಅವರದು ಎಂದುಕೊಳ್ಳಬೇಡಿ. ಗದಗ ಜಿಲ್ಲೆಯ ಗಜೇಂದ್ರಗಡದ ಕಡೆ ನೇಯುವ ಪಟ್ಟೇದ ಅಂಚಿನ ಸೀರೆ ನೋಡಿ: ಮೈತುಂಬ ಸಣ್ಣ ಚೌಕಳಿ, ಬೇರೆ ಬಣ್ಣದ ಎದ್ದು ಕಾಣುವ ಅಂಚು. ಸವದತ್ತಿ ಎಲ್ಲಮ್ಮನಿಗೆ ಉಡಿಸುವ ಸೀರೆಯೂ ಅದೇ. ಚೌಕಳಿ ಎಂಬ ಪದ ಇರುವಾಗ ಚೆಕ್ಸ್ ಎನ್ನುವ ಅಗತ್ಯ ನನಗಂತೂ ಕಾಣುವುದಿಲ್ಲ.

ಆದರೆ ಬಸ್ಸಿನ ಚೆಕಿಂಗ್‌ಗೆ ಮಾತ್ರ ಚೆಕಿಂಗೇ ಸರಿಯಾದ ಹೆಸರು. ನಿಲ್ದಾಣವಲ್ಲದ ಕಡೆ ಬಸ್ಸು ನಿಲ್ಲುತ್ತದೆ, ಇಬ್ಬರು ಹತ್ತುತ್ತಾರೆ. ಒಬ್ಬರು ಕಂಡಕ್ಟರ ಕೈಯಿಂದ ಟಿಕೆಟ್ ಮಿಷನ್ನು, ವೇಬಿಲ್ಲು ತೆಗೆದುಕೊಳ್ಳುತ್ತಾರೆ. ಇನ್ನೊಬ್ಬರು ಹಿಂದಿನ ಸೀಟಿನಿಂದ ಮುಂದಕ್ಕೆ ತಲೆ ಎಣಿಸುತ್ತ, ಟಿಕೆಟ್ ನೋಡುತ್ತ ಬರುತ್ತಾರೆ. ಹಾಳೆಯಲ್ಲಿರುವ ಲೆಕ್ಕಕ್ಕೂ ಸೀಟಿನಲ್ಲಿರುವ ತಲೆಗೂ ತಾಳೆಯಾಗಬೇಕು. ಆ ಐದು ನಿಮಿಷ ಕಂಡಕ್ಟರ ಮುಖ ನೋಡಿದರೆ ಫಿಟ್ಸ್‌ನೀಲನ ಮೇಜಿನ ಮುಂದೆ ಕೂತ ಷೆರೀಫ್ ಹೇಗಿದ್ದಿರಬಹುದು ಎಂದು ಗೊತ್ತಾಗುತ್ತದೆ.

ಚೆಕ್ಕು ನಮ್ಮ ದೇಶದ ಕಾನೂನಿನಲ್ಲಿ ಗಟ್ಟಿಯಾಗಿ ಕೂತದ್ದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಿಂದ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ವಾಪಸಾದರೆ ಶಿಕ್ಷೆ ಎಂಬ 138ನೆಯ ಕಲಂ ಸೇರಿದ್ದು 1988ರ ತಿದ್ದುಪಡಿಯಲ್ಲಿ. ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸು ಕೊಡಬೇಕು, ನೋಟಿಸು ಮುಟ್ಟಿದ 15 ದಿನದೊಳಗೆ ಚೆಕ್ಕು ಬರೆದವರು ಹಣ ಕೊಡಬೇಕು, ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು ಹಾಕಬೇಕು. ಚೆಕ್ಕಿನ ಆಯುಸ್ಸು ಮೊದಲು ಆರು ತಿಂಗಳಿತ್ತು, 2012ರ ಏಪ್ರಿಲ್‌ನಿಂದ ಮೂರೇ ತಿಂಗಳು. ಕಪಾಟಿನಲ್ಲಿ ಚೆಕ್ಕು ಇಟ್ಟು ಮರೆಯುವ ಅಭ್ಯಾಸವಿರುವವರು ಇದನ್ನು ನೆನಪಿಡಿ.

ಇತ್ತೀಚಿನ ಒಂದು ವ್ಯವಸ್ಥೆ ನನಗೆ ಆ ಹೇಜಲ್ ಕಡ್ಡಿಯನ್ನು ಮತ್ತೆ ಮುಂದೆ ತಂದಿಟ್ಟಿತು. 2021ರ ಜನವರಿಯಿಂದ 50,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಚೆಕ್ಕುಗಳಿಗೆ ಪಾಸಿಟಿವ್ ಪೇ ಎಂಬ ಅನುಕೂಲ ಬಂದಿದೆ. ಚೆಕ್ಕು ಬರೆದವರು ಅದರ ದಿನಾಂಕ, ಯಾರ ಹೆಸರಿಗೆ, ಎಷ್ಟು ಮೊತ್ತ ಎಂಬುದನ್ನು ಮೊದಲೇ ತಮ್ಮ ಬ್ಯಾಂಕಿಗೆ ತಿಳಿಸಬಹುದು. ಚೆಕ್ಕು ಕ್ಲಿಯರಿಂಗಿಗೆ ಬಂದಾಗ ಎರಡನ್ನೂ ತಾಳೆ ನೋಡುತ್ತಾರೆ. ಅಂದರೆ ಒಂದು ಹೋಳು ಹಣ ಪಡೆಯುವವನ ಕೈಯಲ್ಲಿ, ಇನ್ನೊಂದು ಹೋಳು ಬ್ಯಾಂಕಿನ ಕಂಪ್ಯೂಟರಿನಲ್ಲಿ. ಹಳೆಯ ಚೆಕ್‌ಬುಕ್ಕಿನ ಎಡಗಡೆ ಉಳಿಯುತ್ತಿದ್ದ ಕೌಂಟರ್‌ಫಾಯಿಲ್ ಈಗಿನ ಎಷ್ಟೋ ಪುಸ್ತಕಗಳಲ್ಲಿ ಇಲ್ಲ, ಅದರ ಬದಲು ಮೊದಲಲ್ಲೋ ಕೊನೆಯಲ್ಲೋ ವಿವರ ಬರೆದುಕೊಳ್ಳಲು ಒಂದು ಪುಟ ಇರುತ್ತದೆ. ಅದನ್ನು ತುಂಬುವವರು ಕಡಿಮೆ. ದಯವಿಟ್ಟು ತುಂಬಿ. ಮೂಲದಲ್ಲಿ ಚೆಕ್ ಎಂಬ ಹೆಸರು ಇದ್ದದ್ದು ಆ ಬರಹಕ್ಕೆ.

ಮಣೆಯ ಕೂಗಿನ ಬಗ್ಗೆ ಒಂದು ಕೋರಿಕೆಯಿಂದ ಮುಗಿಸುತ್ತೇನೆ. ಹಿಂದಿಯಲ್ಲಿ ಇವತ್ತಿಗೂ ಶಹ್, ಮಾತ್ ಎಂಬ ಮಾತುಗಳು ಬದುಕಿವೆ. ನಮ್ಮ ಮಕ್ಕಳು ಚೆಸ್ ಕೋಚಿಂಗಿಗೆ ಹೋಗುತ್ತಾರೆ, ಚೆಕ್ ಎನ್ನುತ್ತಾರೆ. ತಪ್ಪೇನಿಲ್ಲ, ಅದೂ ಅದೇ ಶಾಹ್. ಆದರೆ ಆಟವನ್ನು ಪುಸ್ತಕದಿಂದ ಕಲಿಯದ ಪೀಳಿಗೆಯೊಂದು ನಮ್ಮ ಊರುಗಳಲ್ಲಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ನಡಿಗೆಯ ಬಂಧಗಳನ್ನು ರಚಿಸಿದ ನಾಡು ಇದು. ನಾಟಿ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು. ರಾಜನಿಗೆ ಒಂದು ಸಲ ಕುದುರೆಯಂತೆ ಹಾರುವ ಹಕ್ಕಿತ್ತು. ಆ ಆಟ ಆಡಿದ ಅಜ್ಜಂದಿರು, ಅಜ್ಜಿಯಂದಿರು ಈಗ ಕೆಲವೇ ಮಂದಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಅಂಥವರಿದ್ದರೆ ಈ ಭಾನುವಾರವೇ ಹೋಗಿ ಕೇಳಿ. ಕಾಯಿಗಳಿಗೆ ಏನೇನು ಹೆಸರಿತ್ತು, ರಾಜನ ಮೇಲೆ ಬಿದ್ದಾಗ ಏನೆಂದು ಕೂಗುತ್ತಿದ್ದರು, ಸೋತಾಗ ಏನನ್ನುತ್ತಿದ್ದರು. ಊರಿನ ಹೆಸರು, ಹೇಳಿದವರ ಹೆಸರು ಸಮೇತ ಬರೆದಿಟ್ಟುಕೊಳ್ಳಿ. ನಾಳೆ ಪದಕೋಶ ಮಾಡುವವರಿಗೆ ಬೇಕಾಗುವುದು ಅಂಥ ಚೀಟಿಗಳು.